ಎಂಬತ್ತು ಡಿಗ್ರಿ ಗಾಳಿ

ಕಾರನ್ನು ನಾಲ್ಕು ಪಟ್ಟಿಗಳಿಂದ ನೆಲಕ್ಕೆ ಬಿಗಿದೆ.
ಹಿಂದಿನ ಚಕ್ರಗಳು ಉರುಳೆಯ ಮೇಲೆ.
ಎಷ್ಟು ಓಡಿದರೂ ಇಲ್ಲೇ ಇರಬೇಕು. ಅದೇ ನನ್ನ ಕಸುಬು:
ಬಯಮೋನಿನ ಈ ತಗಡಿನ ಶೆಡ್ಡಿನಲ್ಲಿ
ಜನ ಓಡಿಸಿಕೊಂಡು ಬಂದ ಮಾತನ್ನು ತೂಗಿ ಕೊಡುವುದು.

ಎಲಿಯೂದ್ ಒಂದು ಕಾಗದ ತಂದಿದ್ದ, ಪ್ಲಾಸ್ಟಿಕ್ ಚೀಲದೊಳಗೆ,
ದೀಕ್ಷಾಸ್ನಾನದ ಪತ್ರ ಹಿಡಿದಂತೆ ಎರಡೂ ಕೈಯಲ್ಲಿ.
"ಐನೂರ ಹನ್ನೆರಡು," ಎಂದ. "ನಾಲ್ಕೈದು ಹೆಚ್ಚೂ ಬರಬಹುದು,
ಆಮೇಲೆ ಸೈಲೆನ್ಸರ್ ಬದಲಿಸಿದ್ದೇನೆ."

ಇಲ್ಲಿ ಯಾರೂ ಶಕ್ತಿ ಎನ್ನುವುದಿಲ್ಲ. ಕುದುರೆ ಎನ್ನುತ್ತಾರೆ, ಅಷ್ಟೆ.
ಒಬ್ಬ ಎಂಜಿನ್ನಿನ ಬುಡದಲ್ಲಿ ಎಣಿಸುತ್ತಾನೆ,
ಇನ್ನೊಬ್ಬ ಚಕ್ರದ ತುದಿಯಲ್ಲಿ,
ಮತ್ತೊಬ್ಬ ಮೂರನೆಯ ಬಿಯರಿನ ನಂತರ.
ಬೇಲಿಯಾಚೆ ಎವಾರಿಸ್ತೊನ ಹೆಣ್ಣು ಕುದುರೆ
ಹುಲ್ಲು ಅಗಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

ಒತ್ತಿದ. ತಗಡು ನಡುಗಿತು.
ಗೋಡೆಯ ಕ್ಯಾಲೆಂಡರು ಮೊಳೆಯಿಂದ ಅರ್ಧ ಎದ್ದಿತು.
ಪರದೆಯ ಮೇಲೆ ಗೆರೆ ಗುಡ್ಡ ಹತ್ತಿ, ತುದಿಯಲ್ಲಿ ತುಸು ತಡವರಿಸಿ, ಬಿತ್ತು.
ಮುನ್ನೂರ ಎಪ್ಪತ್ತೊಂದು.
ಮತ್ತೆ. ಮುನ್ನೂರ ಅರುವತ್ತೆಂಟು.
ಫ್ಯಾನು ಹತ್ತಿರ ಎಳೆದು, ಟೈರಿನ ಗಾಳಿ ನೋಡಿ, ಮತ್ತೆ.
ಮುನ್ನೂರ ಎಪ್ಪತ್ತೊಂದು.

"ನಿನ್ನ ಉರುಳೆ ಜಿಪುಣ," ಎಂದ.
ಎಲ್ಲರೂ ಹಾಗೇ ಅನ್ನುತ್ತಾರೆ.
ಕಡಿಮೆ ಹೇಳಿದ ತಕ್ಕಡಿ ಯಾವಾಗಲೂ ಕೆಟ್ಟಿರುತ್ತದೆ.

ಕಾಗದ ಇಸಕೊಂಡೆ. ಜನ ದೊಡ್ಡ ಅಂಕಿ ಓದುತ್ತಾರೆ,
ನಾನು ಮೂಲೆಯ ಇರುವೆ ಸಾಲು ಓದುವವಳು.
ಚಕ್ರಕ್ಕೆ ಬಂದದ್ದು ಆಗಲೂ ಮುನ್ನೂರ ಎಪ್ಪತ್ತೊಂದೇ.
ಗೇರು, ಶಾಫ್ಟು ದಾರಿಯಲ್ಲಿ ತಿಂದವೆಂದು
ನೂರಕ್ಕೆ ಇಪ್ಪತ್ತು ಸೇರಿದೆ. ಅವು ತಿಂದದ್ದನ್ನು ಕಂಡವರಿಲ್ಲ.
ನಾನೂರ ನಲವತ್ತೈದು.
ಗಾಳಿ ಬಿಸಿಯಿತ್ತು, ಪಾಪ, ಎಂಜಿನ್ನಿಗೆ ಉಸಿರು ಸಾಲಲಿಲ್ಲವೆಂದು
ಮತ್ತೆ ನೂರಕ್ಕೆ ಹದಿನೈದು.
ಐನೂರ ಹನ್ನೆರಡು.
ಎಷ್ಟು ಬಿಸಿ? ಎಂಬತ್ತು ಡಿಗ್ರಿ.
ಆ ದಿನ ಊರಿನ ಕೋಳಿಗಳೆಲ್ಲ ಗೂಡಿನಲ್ಲೇ ಬೆಂದಿರಬೇಕು.

ನಗಬೇಕೆಂದಿದ್ದೆ. ಅಷ್ಟರಲ್ಲಿ ಕೆಳಗಿನ ಸಹಿ ಕಂಡಿತು,
ಕೊನೆಯ ಅಕ್ಷರಕ್ಕೆ ಮೀನಿನ ಗಾಳದಂಥ ಬಾಲ.
ಸೋದರಮಾವ ಹೆರ್ಮಿನಿಯೊ.
ಇದೇ ಶೆಡ್ಡು. ಇದೇ ಉರುಳೆ.
ಏಳು ವರ್ಷದ ಹಿಂದೆ ನಾನು ಪಟ್ಟಿ ಬಿಗಿಯುವ ಹುಡುಗಿ.
ಉಷ್ಣಮಾಪಕದ ತಂತಿ ಎಲ್ಲಿ ಕಟ್ಟಲಿ ಎಂದರೆ
ಬೆರಳಿನಿಂದ ರೇಡಿಯೇಟರ್ ತೋರಿಸುತ್ತಿದ್ದ:
"ಅಲ್ಲೇ ಇರಲಿ, ಮಿಗ್ದಾಲಿಯಾ. ಅದಕ್ಕೂ ಚಳಿಯಾಗುತ್ತೆ."
ಕಟ್ಟಿದ ಕೈ ಯಾರದೆಂದು ಎಲಿಯೂದ್ ಕೇಳಲಿಲ್ಲ.
ಹೇಳಿದೆ.

ಅವನು ಕಾರನ್ನು ನೋಡಿದ, ನನ್ನನ್ನಲ್ಲ.
"ಆ ಅಂಕಿ ನೋಡಿಯೇ ಕೊಂಡದ್ದು. ಮೊದಲಿನವನಿಗೆ
ಒಂದೊಂದು ಕುದುರೆಗೂ ಡಾಲರ್ ಎಣಿಸಿದ್ದೇನೆ.
ಉಳಿದ ನೂರ ನಲವತ್ತೊಂದು ಎಲ್ಲಿ ಮೇಯುತ್ತಿವೆ?"

ಉತ್ತರವಿರಲಿಲ್ಲ. ಸುಮ್ಮನಿರಲಾರದೆ ಎಲ್ಲೋ ಓದಿದ್ದನ್ನು ಹೇಳಿದೆ:
ನಿಜವಾದ ಕುದುರೆ ಬೆದರಿ ಕಿತ್ತೋಡುವಾಗ
ಒಂದೆರಡು ಕ್ಷಣ, ಹತ್ತಕ್ಕೂ ಹೆಚ್ಚು ಕುದುರೆಯ ಬಲ ತೋರಿಸುತ್ತದಂತೆ.
ಕುದುರೆಯೇ ಒಂದು ಕುದುರೆಯಲ್ಲ.
ಅವನು ಬೇಲಿಯತ್ತ ತಿರುಗಿದ.
ಅದು ಬಾಲ ಎತ್ತಿ ನೊಣ ಓಡಿಸಿತು.

ದುಡ್ಡು ಬೇಡವೆಂದೆ, ಮೇಜಿನ ಮೇಲಿಟ್ಟ.
ಹೊಸ ಹಾಳೆ ಬೇಡವೆಂದ, ಕೈಗೆ ತುರುಕಿದೆ.
ಹಳೆಯದರ ಹಿಂದೆ, ಅದೇ ಪ್ಲಾಸ್ಟಿಕ್ಕಿನೊಳಗೆ, ಮುಖ ಒಳಗಾಗಿ ಇಟ್ಟುಕೊಂಡ.

ಮೂಲೆಯ ಸಿಗ್ನಲ್ ಕೆಂಪಾಗಿತ್ತು.
ಪಕ್ಕದ ಕಾರಿನ ಹುಡುಗ ಗಾಜಿಳಿಸಿ ಏನೋ ಕೇಳಿದ.
ಇಲ್ಲಿ ಕೇಳುವುದು ಒಂದೇ.
ಎಲಿಯೂದ್ ಐದೂ ಬೆರಳು ಬಿಚ್ಚಿದ.
ಕನ್ನಡಿಯಲ್ಲಿ ಶೆಡ್ಡು ಕಂಡಿತೋ ಏನೋ,
ಹೆಬ್ಬೆರಳು ಮಡಚಿದ.

ಇನ್ನೂ ಇಪ್ಪತ್ತೊಂಬತ್ತು ಹೆಚ್ಚು.
ಇರಲಿ. ಈ ಊರು ನಿಜಕ್ಕೂ ಸೆಕೆಯೇ.