ಒಳಗೆ ಬಿಟ್ಟ ಬಟ್ಟೆ

ಮೆಗ್ಗಾನ್ ಆಸ್ಪತ್ರೆಯ ಎದುರು ಸಾಲಿನಲ್ಲಿ ಆ ಅಂಗಡಿ.
ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕಾಲು, ತೊಡೆಯಿಂದ ಕೆಳಗೆ ಮಾತ್ರ,
ಮಂಡಿಗೊಂದು ಕಪ್ಪು ಪಟ್ಟಿ ಹಾಕಿಕೊಂಡು
ಯಾರಿಗೂ ಕಾಯದೆ ನಿಂತಿದೆ.
ಅದಕ್ಕೆ ಎಲ್ಲವೂ ಸರಿಯಾಗಿ ಕೂರುತ್ತದೆ,
ನಮ್ಮ ಗಾಂಧಿ ಬಜಾರಿನ ಗೊಂಬೆಗಳ ಹಾಗೆ.
ಬೆನ್ನ ಹಿಂದೆ ಗುಂಡುಪಿನ್ನು ಚುಚ್ಚಿದ್ದು
ನನ್ನಂಥವನಿಗೆ ಮಾತ್ರ ಗೊತ್ತಾಗುತ್ತದೆ.

ಪೆಡಲು ತುಳಿದು ತುಳಿದು ಸವೆದ ಮಂಡಿ ಎಂದು ಊರವರ ಲೆಕ್ಕ.
ನಿಜ ಹೇಳಬೇಕೆಂದರೆ ನೆಹರೂ ರಸ್ತೆಯ ಚಪ್ಪಡಿಯ ಮೇಲೆ
ಬಾಳೆಹಣ್ಣಿನ ಸಿಪ್ಪೆಯ ನೆಪವೂ ಇಲ್ಲದೆ ಜಾರಿದೆ.
ಆಪರೇಷನ್ ಆಗಿ ಇದು ಆರನೇ ವಾರ.
ಚೀಟಿಯಲ್ಲಿ ಡಾಕ್ಟರು ಬರೆದದ್ದು ಇಷ್ಟೇ:
ಎಡ ಮಂಡಿ. ಕೀಲು ಇರುವ ಪಟ್ಟಿ.
ಸಹಿ ಮಾತ್ರ ಪೈಜಾಮದ ಲಾಡಿಯಷ್ಟು ಉದ್ದ.

"ಕೂತ್ಕಳಿ" ಅಂದಳು ಕೌಂಟರಿನ ಹುಡುಗಿ ಫಿಲೋಮಿನಾ,
ಕೊರಳಿನಿಂದ ಟೇಪು ಎಳೆದು.
ನಲವತ್ತೊಂದು ವರ್ಷ ನನ್ನ ಕೊರಳಲ್ಲಿದ್ದದ್ದು
ಮೊದಲ ಸಲ ನನ್ನ ಮೈ ಸುತ್ತಿತು.
ಮಂಡಿಚಿಪ್ಪಿನಿಂದ ನಾಲ್ಕು ಇಂಚು ಮೇಲೆ ಒಂದು ಸುತ್ತು,
ಬಲಗಾಲಿಗೂ ಒಂದು.
"ಒಂದು ಬೆರಳು ಒಳಗಿಡಮ್ಮ" ಎನ್ನಲು ಬಾಯಿ ತೆರೆದೆ,
ಆಗಲೇ ಇಟ್ಟಿದ್ದಳು.

ಬಲ, ಹದಿನೇಳೂಕಾಲು.
ಎಡವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.
ಬರೆದುಕೊಂಡು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡಳು.

ನಾನೂ ಹೀಗೇ ಮಾಡಿದವನು.
ಪ್ರತಿ ದೀಪಾವಳಿಗೆ ಒಂದು ಜೊತೆ ಪ್ಯಾಂಟು ಹೊಲಿಸುತ್ತಿದ್ದ
ಕಾಗದದ ಮಿಲ್ಲಿನ ಗುರುಬಸಪ್ಪನವರ ಸೊಂಟ:
ಮೂವತ್ತೆಂಟು, ಮೂವತ್ತಾರು, ಮೂವತ್ತೆರಡೂವರೆ.
"ಎಷ್ಟು ಬಂತು?" ಎಂದು ಕೇಳಿದರೆ
"ಹೋದ ಸಲದ್ದೇ" ಅಂದು
ನೆರಿಗೆ ಒಂದು ಹೆಚ್ಚಿಡುತ್ತಿದ್ದೆ.
ಕೊನೆಯ ಜೊತೆ ಇನ್ನೂ ನನ್ನ ಬೀರುವಿನಲ್ಲಿದೆ.
ಕೂಲಿ ಬಾಕಿ.

ಮೂರು ಡಬ್ಬ ತೆರೆದಳು.
ಒಂದು ಬರೀ ರಬ್ಬರಿನ ತೋಳು, ಕಾಲ್ಚೀಲದ ಅಣ್ಣ.
ಹೊಲಿಗೆ ಕಾಣುವುದೇ ಇಲ್ಲ,
ಶಿವಮೊಗ್ಗದ ಏಪ್ರಿಲ್ಲಿನಲ್ಲಿ ಬೆವರು ಕಾಣುತ್ತದೆ.
ಇನ್ನೊಂದಕ್ಕೆ ಚಿಪ್ಪಿನ ಮೇಲೆ ದುಂಡನೆ ಕಿಟಕಿ;
ಅಂಚುಪಟ್ಟಿ ಅವಸರದ್ದು, ಮೂರು ತಿಂಗಳಿಗೆ ನೂಲು ಬಿಡುತ್ತದೆ.
ಮೂರನೆಯದಕ್ಕೆ ಎರಡೂ ಬದಿ ಅಲ್ಯುಮಿನಿಯಂ ಕೀಲು, ನಾಲ್ಕು ಪಟ್ಟಿ,
ಬೆಲೆ ನನ್ನ ಅಂಗಡಿಯ ಒಂದು ತಿಂಗಳ ಬಾಡಿಗೆ.
ಮಡಿಸಿ ನೋಡಿದೆ. ಎಣ್ಣೆ ಬಿಟ್ಟ ಕತ್ತರಿಯ ಹಾಗೆ, ಸದ್ದಿಲ್ಲ.
"ಇದರ ನಡು ನಿಮ್ಮ ಚಿಪ್ಪಿನ ನಡುವಿಗೇ ಬರ್ಬೇಕು ಸರ್.
ಕೆಳಗೆ ಜಾರಿದ್ರೆ ಹಾಕ್ಕಂಡೂ ಒಂದೇ, ಬಿಟ್ಟೂ ಒಂದೇ."

ಸ್ಮಾಲ್ ಹಾಕಿದರೆ ಮೀನಖಂಡ ಜೋಮು ಹಿಡಿಯಿತು.
ಮೀಡಿಯಂ ಹಾಕಿ ಬಾಗಿಲ ಮೆಟ್ಟಿಲು ಹತ್ತಿ ಇಳಿದೆ,
ಎರಡು ಬೆರಳು ಜಾರಿತು.
ಸ್ಮಾಲಿಗೂ ಮೀಡಿಯಮ್ಮಿಗೂ ನಡುವಿನ ಜಾಗದಲ್ಲೇ
ನಾನು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು.
"ಮೀಡಿಯಮ್ಮೇ ಕೊಡು, ಒಂದು ಟಕ್ಸು ಹಿಡ್ಕೋತೀನಿ."
"ಕತ್ತರಿ ತಾಗಿಸಿದ್ರೆ ವಾಪಸ್ ತಗಳಲ್ಲ" ಅಂದಳು.
ಆಮೇಲೆ, ಡಬ್ಬ ಮುಚ್ಚುತ್ತಾ:
"ಬೆಳೆಯೋ ಕಾಲು ಸರ್. ವ್ಯಾಯಾಮ ಮಾಡ್ತೀರಲ್ಲ, ತುಂಬ್ಕಳತ್ತೆ.
ಈಗ ಪಟ್ಟಿ ಬಿಗಿ ಮಾಡ್ಕಳಿ, ಸಾಕು."

ಬೆಳೆಯೋ ಕಾಲು!
ಅರವತ್ತಮೂರಕ್ಕೆ!
ಜೂನ್ ತಿಂಗಳಲ್ಲಿ ಯೂನಿಫಾರಮ್ಮಿಗೆ ಬರುವ ತಾಯಂದಿರು
ಎಷ್ಟು ಸಾವಿರ ಸಲ ಹೇಳಿಲ್ಲ,
ಬೆಳೆಯೋ ಹುಡುಗ, ಒಳಗೆ ಬಟ್ಟೆ ಬಿಡಿ, ಅಂತ.

ಆಟೋದಲ್ಲಿ ಅಂಗಡಿಗೆ ಬಂದೆ.
ಮುನಾಫ್ ಮಿಷನ್ನಿನಿಂದ ತಲೆ ಎತ್ತಿದ.
ಅವನಿಗೆ ತೋರಿಸಲೆಂದು ಮೇಲಿನ ಪಟ್ಟಿ ಎಳೆದೆ, ಚರ್ರ್ ಎಂದಿತು.
ಇಬ್ಬರೂ ಒಟ್ಟಿಗೇ ಬೆಚ್ಚಿ
ಮೇಜಿನ ಮೇಲಿದ್ದ ಯಾರದೋ ರೇಷ್ಮೆಯನ್ನು ನೋಡಿದೆವು.
ಏನೂ ಹರಿದಿರಲಿಲ್ಲ.

ಮತ್ತೆ ಬಿಗಿದು, ಪಟ್ಟಿಯ ತುದಿ ಬಂದು ನಿಂತಲ್ಲಿ
ಬಳಪದಿಂದ ಒಂದು ಗೆರೆ ಎಳೆದೆ.
ಇದು ಹಿಂದೆ ಸರಿದಷ್ಟೂ ನಾನು ಮುಂದೆ.
"ಉಸ್ತಾದ್, ಎಡ ಎಷ್ಟು ಬಂತು?"
"ಹೋದ ಸಲದ್ದೇ" ಅಂದೆ.
ಮುನಾಫ್ ಏನೂ ಹೇಳದೆ ಪೆಡಲು ತುಳಿದ.