ನೆಲಕ್ಕೆ ನಾಲ್ಕೇ ಬೆರಳು

ನೀರಿಗೆ ಮೈಯೆಲ್ಲ ಅಂಗೈ.
ಐದು ತಿಂಗಳು ಹೊತ್ತಿತ್ತು ನಮ್ಮ ದೋಣಿಯನ್ನು
ಎಲ್ಲಿ ಹಿಡಿದೆನೆಂಬ ಗುರುತೇ ಉಳಿಸದೆ.
ನೆಲ ಹಾಗಲ್ಲ. ನೆಲಕ್ಕೆ ನಾಲ್ಕೇ ಬೆರಳು,
ಹಿಡಿದಲ್ಲೆಲ್ಲ ನಾಟುತ್ತವೆ.

ಇದನ್ನೇ ಹೇಳಿದೆ ವಾಲ್ದೆಮಾರನಿಗೆ,
ಕೊರ್ಪೊ ದ್ವೀಪದ ದಡದಲ್ಲಿ, ಅಕ್ಟೋಬರಿನ ಎರಡನೇ ಶನಿವಾರ.
ಅಣ್ಣ ಎಂದಿನಂತೆ ಲೆಕ್ಕದಲ್ಲಿದ್ದ:
ಶೆಡ್ಡಿನ ಬಾಡಿಗೆ ಆರು ನೂರು ಯೂರೋ,
ಟ್ರೇಲರು ಹೇಗೂ ಇದೆ, ಸ್ಪ್ರೂಸ್ ಮರದಡಿ ನೆರಳೂ ಇದೆ
(ಹಿಮ ಬೀಳುವಾಗ ನೆರಳು ಯಾರಿಗೆ ಬೇಕು?).
‘ಹೋದ ಸಲವೂ ಅಲ್ಲೇ ಇಟ್ಟೆವು. ಏನಾಯ್ತು?’

ಏನಾಯ್ತೆಂದು ತೋರಿಸಲು ಮಂಡಿಯೂರಿದೆ.
ಹದಿನಾರಡಿ ಫೈಬರಿನ ಬಿಳಿ ಹೊಟ್ಟೆ;
ಹಿಂಬದಿಯಿಂದ ಎರಡು ಗೇಣು ಈಚೆ, ಎಡಕ್ಕೆ,
ರೋಲರು ಒತ್ತಿದ ಕಡೆ ಒಂದು ತಗ್ಗು.
ಕಣ್ಣಿಗೆ ಕಾಣದು, ಅಂಗೈಗೆ ಕಾಣುತ್ತದೆ.
ಅದಕ್ಕೇ ಜುಲೈಯಲ್ಲಿ ವೇಗ ಏರಿದೊಡನೆ
ಮೂತಿ ಕುಕ್ಕುತ್ತಿತ್ತು ನಮ್ಮ ‘ತ್ಯಾರ್ನ’,
ಕಡಲಹಕ್ಕಿಯ ಹೆಸರಿಟ್ಟುಕೊಂಡು ಬಾತುಕೋಳಿಯಂತೆ.
ನೀನು ಅಂದೆ, ಗಾಳಿ.
ಆಮೇಲೆ ಅಂದೆ, ನೀನು ಓಡಿಸುವ ರೀತಿ.

ಅಣ್ಣ ಕೈಗವಸು ತೆಗೆದ.
ತಡವಿದ. ಮತ್ತೊಮ್ಮೆ ತಡವಿದ.
ತಪ್ಪಾಯಿತು ಎಂಬ ಮಾತು ನಮ್ಮ ಮನೆತನದಲ್ಲಿ
ಯಾರ ಬಾಯಿಂದಲೂ ದಡ ಮುಟ್ಟಿದ್ದಿಲ್ಲ.
ಗರಗಸ ಎಲ್ಲಿದೆ ಎಂದ.

ಎರಡು ದಿನ ತೊಟ್ಟಿಲು ಕಟ್ಟಿದೆವು,
ತೂಗಬಾರದ ತೊಟ್ಟಿಲು.
ರಟ್ಟನ್ನು ಹೊಟ್ಟೆಗೆ ಒತ್ತಿ ಬಾಗು ಬರೆದುಕೊಂಡು
ಆ ಬಾಗನ್ನೇ ಹಲಗೆಗೆ ಕಲಿಸಿದೆವು.
ಮೆತ್ತೆಗೆಂದು ಸೌನಾದ ಚಿಂದಿಚಾಪೆ ತಂದ.
ಒದ್ದೆ ಕುಡಿದು ಕೂತರೆ ಬೊಬ್ಬೆ ಏಳುತ್ತದೆ ಎಂದೆ.
ಹಾಗಾದರೆ ರಬ್ಬರು ಎಂದ. ಆಗಲಿ ಎಂದೆ.
ಈ ವರ್ಷ ನಾವಾಡಿದ ಅತಿ ಉದ್ದದ ಮಾತುಕತೆ ಅದು.

ಪಕ್ಕದ ಹಿತ್ತಲಿನ ಆಲ್ಫೋನ್ಸ್ ಬಂದು ನಿಂತ,
ಕರೆಯದೆ, ಪೈಪು ಹಚ್ಚದೆ ಬರೀ ಕಚ್ಚಿಕೊಂಡು.
‘ಭಾರವೆಲ್ಲ ಬೆನ್ನೆಲುಬಿಗೆ ಬರಲಿ.
ಪಕ್ಕದ ಊರೆಗಳು ಬೀಳದಂತೆ ಹಿಡಿಯಲಿಕ್ಕೆ ಮಾತ್ರ,
ಹೊರಲಿಕ್ಕಲ್ಲ. ನೆಂಟರ ಹಾಗೆ.’
ಎಂಜಿನ್ನು ಜೋತ ಕಡೆ ಇನ್ನೊಂದು ಹಲಗೆ ಕೊಡಿ ಎಂದ,
ಮೂತಿ ಒಂದು ಗೇಣು ಮೇಲಿರಲಿ,
ಒಳಗಿಳಿದ ನೀರು ಹಿಂದಕ್ಕೆ ಹರಿದು ಹೋಗಲಿ.
ಟಾರ್ಪಾಲಿನ ಹಗ್ಗ ಮಾತ್ರ, ದಯವಿಟ್ಟು, ಊರೆಗೆ ಕಟ್ಟಬೇಡಿ:
ಬಟ್ಟೆ ಗಾಳಿಗೆ ಉಬ್ಬಿ
ತನ್ನ ಕಾಲನ್ನು ತಾನೇ ಎಳೆದುಕೊಳ್ಳುತ್ತದೆ.
ಅಷ್ಟು ಹೇಳಿ ಹೋದ. ಅವನಿಗೀಗ ದೋಣಿಯಿಲ್ಲ.

ಮರಳು ತುಂಬಿದ ಡಬ್ಬಿಗಳನ್ನು ಹಗ್ಗಕ್ಕೆ ಜೋತುಬಿಟ್ಟೆವು,
ತಳದ ಬಿರಟೆ ತಿರುಗಿಸಿ ತೆಗೆದು ನನ್ನ ಕೋಟಿನ ಜೇಬಿಗಿಳಿಸಿದೆ.

ನವೆಂಬರಿನ ಗಾಳಿ ರಾತ್ರಿ ಎರಡಕ್ಕೆ ಎಬ್ಬಿಸಿತು.
ಬೂಟು ಮೆಟ್ಟಿ ಟಾರ್ಚು ಹಿಡಿದು ಓಡಿದರೆ
ಮರದಡಿ ಆಗಲೇ ಇನ್ನೊಂದು ಟಾರ್ಚು,
ಪೈಜಾಮದ ಮೇಲೆ ಎಣ್ಣೆಬಟ್ಟೆಯ ಕೋಟು.
ಡಬ್ಬಿಗಳು ಒಂದಕ್ಕೊಂದು ಬಡಿದು ಜಗಳಾಡುತ್ತಿದ್ದವು;
ಮೇಲೆ ಬಟ್ಟೆ ಹುಚ್ಚು ಹಿಡಿದಂತೆ.
ನಡುವೆ ದೋಣಿ, ಮಿಸುಕದೆ.
‘ಒಂದು ಬೆಣೆ ಸಡಿಲ,’ ಎಂದು ಕೂಗಿದ.
ನಾನು ಬೆಳಕು ಹಿಡಿದೆ, ಅವನು ಸುತ್ತಿಗೆ.
ಏಳು ಪೆಟ್ಟು. ಎಂಟನೆಯದು ಬೇಕಿರಲಿಲ್ಲ.

ಫೆಬ್ರವರಿಯಲ್ಲಿ ಕಡಲ ಮೇಲೆ ಕಾರು ಓಡುವ ಹೊತ್ತು
ಅಂಗಡಿಯ ಗಲ್ಲೆಯ ಮುಂದೆ ಚಿಲ್ಲರೆಗೆ ತಡಕಿ
ಹಿತ್ತಾಳೆಯ ಬಿರಟೆಯನ್ನೇ ಇಟ್ಟುಬಿಟ್ಟೆ.
ಸೀವ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ,
‘ಇದಕ್ಕೆ ಏನು ಬರುತ್ತೆ?’ ಎಂದಳು.
ಮೇ ತಿಂಗಳವರೆಗೆ ಏನೂ ಬರಲ್ಲ, ಕೊಡು ಇಲ್ಲಿ ಅಂದೆ.
ಜೇಬಿನ ಬಿಸಿ ಅದಕ್ಕಿನ್ನೂ ಇತ್ತು.