ಕುದುರೆ ಹತ್ತಿದ ಮಾಡು

ತಾಲಿನ್ನಿನ ಕೊಪ್ಲಿ ಟ್ರಾಮಿನ ಚಾಲಕಿ ನಾನು, ವೀವಿಕಾ.
ಹತ್ತೊಂಬತ್ತು ವರ್ಷದಿಂದ ಎರಡೇ ಕಂಬಿ.
ಎಲ್ಲಿ ತಿರುಗಬೇಕೆಂದು ಯಾರೂ ನನ್ನನ್ನು ಕೇಳುವುದಿಲ್ಲ.
ಗಂಟೆ ನನ್ನದು, ಬ್ರೇಕು ನನ್ನದು,
ಕನ್ನಡಿಯಲ್ಲಿ ಆಕಳಿಸುವ ಮಂದಿ ನನ್ನವರು.
ಪಾಳಿ ಮುಗಿಸಿ ಬಂದವಳು ಒಂದು ಬೂಟು ಬಿಚ್ಚಿ
ಇನ್ನೊಂದನ್ನು ಮರೆತು
ಕಂಟ್ರೋಲರ್ ಹಿಡಿದು ಕೂರುತ್ತಿದ್ದೆ.

ಮೊದಲನೆಯ ಆಟ ಕೊಟ್ಟವನು ಡಿಪೋದ ಕಾಲ್ಯು.
"ಎಲ್ಲಿಗೆ ಬೇಕಾದರೂ ಹೋಗಬಹುದು" ಅಂದಿದ್ದ.
ಹೋದೆ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಆ ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಇತ್ತು.
ಬರೀ ಬಣ್ಣ. ಹಣೆ ತಾಗಿದ್ದು ಗಾಳಿಗೆ;
ಗಾಳಿಯೇ ಗೋಡೆಯಾಗಿತ್ತು.
ಊರಿನ ನೂರು ಬಾಗಿಲಲ್ಲಿ ತೆರೆಯುತ್ತಿದ್ದುದು ಏಳು.
ಕಡವಿನಲ್ಲಿ ಮೀನು ಮಾರುವ ಮುದುಕಿಯದು
ಯಾವಾಗ ಮಾತಾಡಿಸಿದರೂ ಒಂದೇ ಗಿಣಿಪಾಠ:
"ಗಾಳಿ ತಿರುಗಿದೆ, ಮಗಾ, ಜೋಪಾನ."
ನಡುರಾತ್ರಿಯೂ ಅಲ್ಲೇ, ಹಿಮ ಬಿದ್ದರೂ ಅಲ್ಲೇ.
ಮೀನೂ ಹಳಸುತ್ತಿರಲಿಲ್ಲ, ಅವಳೂ.

ಇದೂ ಕಂಬಿಯೇ, ಹುಲ್ಲು ಮುಚ್ಚಿಟ್ಟದ್ದು, ಅಂದುಕೊಂಡೆ.
ಆದರೂ ಎರಡು ಚಳಿಗಾಲ ಆಡಿದೆ,
ಕುದುರೆಯ ದೆಸೆಯಿಂದ.

ಬೂದು ಕುದುರೆ. ತುಹ್ಕ್ ಎಂದು ಹೆಸರಿಟ್ಟಿದ್ದೆ, ನಮ್ಮ ಮಾತಲ್ಲಿ ಬೂದಿ.
ಶಿಳ್ಳೆ ಹೊಡೆದಾಗಲೆಲ್ಲ
ಹಿಟ್ಟಿನ ಗಿರಣಿಯ ಮಾಡಿನ ಮೇಲೆ ಪ್ರತ್ಯಕ್ಷ!
ಹೇಗೆ ಹತ್ತಿತೋ. ಲೆಕ್ಕದಲ್ಲೆಲ್ಲೋ ತಪ್ಪು.
ಒಂದು ಕಾಲು ಹೆಂಚಿನೊಳಗೆ ಹೂತು
ಬಾಲ ಬೀಸುತ್ತಾ ನೋಡುತ್ತಿತ್ತು ನನ್ನನ್ನು,
ಇದರಲ್ಲೇನು ವಿಶೇಷ ಎಂಬಂತೆ.
ಬಿದ್ದು ಬಿದ್ದು ನಕ್ಕಿದ್ದೆ ಒಬ್ಬಳೇ,
ಕೆಳಮನೆಯ ಲೆಂಬಿತ್ ಪೊರಕೆಯ ಕೋಲಿನಿಂದ
ಚಾವಣಿ ಕುಟ್ಟುವ ತನಕ.

ಎರಡನೆಯ ಆಟ ಬಂದದ್ದು ಆರು ವರ್ಷ ಕಳೆದು.
"ಹಳೇ ಹೆಂಡ, ಹೊಸ ಸೀಸೆ" ಅಂದ ಕಾಲ್ಯು, ಕೈಯೆಲ್ಲ ಗ್ರೀಸು.
ಅಲ್ಲ, ಕಾಲ್ಯು.
ಬೆಟ್ಟ ಈಗ ಒರಟು. ಕಲ್ಲು ಜಾರುತ್ತದೆ, ಉಸಿರು ಹಿಡಿಯುತ್ತದೆ,
ಅರ್ಧ ದಾರಿಯಲ್ಲಿ ಮಳೆ ಬಂದರೆ
ಕೂತು ಕಾಯಬೇಕು, ಬೇರೆ ಉಪಾಯವಿಲ್ಲ.
ತುದಿ ಮುಟ್ಟಿದರೆ ಆಚೆಗೊಂದು ಕಣಿವೆ,
ಅಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದಾರೆ
ನನ್ನ ಪರಾಕ್ರಮದ ಹಂಗಿಲ್ಲದೆ.
ಮುದುಕಿಗೆ ಮನೆ ಕೊಟ್ಟಿದ್ದಾರೆ!
ಕತ್ತಲಾದರೆ ಬುಟ್ಟಿ ಎತ್ತಿ ಹೊರಡುತ್ತಾಳೆ.
ಹಿಂದೆಯೇ ಹೋದೆ ಒಂದು ರಾತ್ರಿ.
ದಾರಿಯಲ್ಲಿ ಬೆಕ್ಕಿಗೊಂದು ಮೀನು,
ಮೆಟ್ಟಿಲ ಮೇಲೊಂದು ನಿಟ್ಟುಸಿರು,
ಬಾಗಿಲು ಹಾಕಿಕೊಂಡಳು. ದೀಪ ಆರಿತು.
ಅತ್ತ ರಾಜ್ಯಕ್ಕೆ ಬೆಂಕಿ ಬಿದ್ದಿತ್ತು, ನಾನು ಉಳಿಸಬೇಕಿತ್ತು.
ಅವಳ ಹೊಸ್ತಿಲಲ್ಲೇ ಕೂತಿದ್ದೆ, ಬೆಳಗಾಗುವ ತನಕ.

ಆಮೇಲೆ ನೆನಪಾಯಿತು.
ಗಿರಣಿಯ ಬಳಿ ನಿಂತು ಶಿಳ್ಳೆ ಹೊಡೆದೆ.
ತುಹ್ಕ್ ರಸ್ತೆಯಲ್ಲೇ ಬಂತು,
ಹದವಾದ ಹೆಜ್ಜೆ, ಮೂಗಿನಿಂದ ಹಬೆ,
ನಾಲ್ಕೂ ಕಾಲು ನೆಲದ ಮೇಲೆ.
ತಪ್ಪು ತಿದ್ದಿದ್ದರು.
ಸರಿಯೇ. ತಿದ್ದಬೇಕಾದ್ದೇ.
ಆದರೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ.

ಈಗ ಎಲ್ಲವನ್ನೂ ಹತ್ತಬಹುದಲ್ಲ, ಮಾಡು ಹತ್ತಿದೆ.
ಪಾರಿವಾಳ ಚದುರಿದವು.
ಪಾಚಿಗಟ್ಟಿದ ಹೆಂಚುಗಳ ನಡುವೆ ಒಡೆದ ಹೆಂಚೊಂದು,
ಒಡಕಿನ ಆಕಾರ ಗೊರಸು.
ಯಾರೋ ಒಬ್ಬರು, ಯಾವ ಊರಿನ
ಯಾವ ಮೇಜಿನ ಮುಂದೋ ಕೂತು, ಚಹಾ ಆರಲು ಬಿಟ್ಟು,
ಆ ಒಂದು ಹೆಂಚನ್ನು ಬೇಕೆಂದೇ ಒಡೆದಿಟ್ಟಿದ್ದರು.

ಬೆಳಗಿನ ಐದರ ಟ್ರಾಮು. ಮೈನಸ್ ಹನ್ನೊಂದು.
ಅದೇ ಕಂಬಿ, ಅದೇ ಆಕಳಿಕೆ.
ತಿರುವಿನಲ್ಲಿ ಮರದ ಮನೆಗಳ ಮಾಡುಗಳನ್ನು
ಒಂದೊಂದಾಗಿ ನೋಡಿದೆ. ಹಿಮ, ಬರೀ ಹಿಮ.
ಗಂಟೆ ಬಾರಿಸಿದೆ,
ಕಂಬಿಯ ಮೇಲೆ ಯಾರೂ ಇರಲಿಲ್ಲ,
ಎರಡು ಸಲ.